ಯಂತ್ರದ ದೋಷವೋ, ಪ್ರಮಾದದ ಫಲವೋ?

ವಿಮಾನ ಬಿದ್ದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ: ‘ಉಪಕರಣ ಕೆಟ್ಟಿತ್ತು’, ಇಲ್ಲವೇ ‘ಪೈಲಟ್ ಎಡವಿದ’. ಎರಡೂ ಅರ್ಧಸತ್ಯಗಳು. ಯಂತ್ರಕ್ಕೆ ಪಾಪವಿಲ್ಲ, ಸತ್ತ ಪೈಲಟನಿಗೆ ಬಾಯಿಲ್ಲ. ಇವರ ಮರೆಯಲ್ಲಿ ನುಣುಚಿಕೊಳ್ಳುವವರು ಯಾರೆಂಬುದೇ ಅಹಿಂಸಾಧರ್ಮವನ್ನು ಒಪ್ಪಿದವರು ಕೇಳಬೇಕಾದ ಪ್ರಶ್ನೆ.

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬೆಂಗಳೂರಿಗೆ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನವು ಎಚ್.ಎ.ಎಲ್. ನಿಲ್ದಾಣವನ್ನು ಮುಟ್ಟುವ ಮುನ್ನವೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. 146 ಮಂದಿಯಲ್ಲಿ 92 ಮಂದಿ ಅಸುನೀಗಿದರು. ಅಲ್ಲಿ ಯಂತ್ರವು ತನಗೆ ವಿಧಿಸಿದ್ದನ್ನೇ ಮಾಡುತ್ತಿತ್ತು. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದವು, ವೇಗ ಕುಸಿಯುತ್ತಿತ್ತು. ನಾನೂರು, ಮುನ್ನೂರು, ಇನ್ನೂರು ಅಡಿ ಎಂದು ಯಂತ್ರವೇ ಕೂಗಿ ಹೇಳಿದರೂ ಎಂಜಿನ್‌ಗೆ ಶಕ್ತಿ ಕೊಡುವ ಕೈ ತಡವಾಯಿತು. ಯಂತ್ರ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಎಚ್ಚರವನ್ನು ಹೀಗೆ ಮಂಕಾಗಿಸುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿಯುವ ಬಸ್ಸಿನ ಚಾಲಕನು ಮಳೆಗಾಲದ ಮಂಜಿನಲ್ಲಿ ದೀಪ ಹಾಕಿದ ಮಾತ್ರಕ್ಕೆ ನಿಶ್ಚಿಂತನಾಗುವುದಿಲ್ಲ. ಕಣ್ಣು, ಕಿವಿ, ಕೈಗಳೆಲ್ಲವನ್ನೂ ದಾರಿಗೆ ಒಪ್ಪಿಸುತ್ತಾನೆ. ಮುನಿಗಳ ಈರ್ಯಾಸಮಿತಿಯ ಮರ್ಮವೂ ಇದೇ.

ಇನ್ನೂ ಘೋರವಾದುದು ಬೋಯಿಂಗ್ 737 ಮ್ಯಾಕ್ಸ್‌ನ ಕಥೆ. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದಲ್ಲಿ 189 ಮಂದಿ, 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ 157 ಮಂದಿ ಸತ್ತರು. ಎದುರುಗಾಳಿಗೆ ವಿಮಾನ ಎಷ್ಟು ಕೋನದಲ್ಲಿದೆ ಎಂದು ಅಳೆಯುವ ಸಂವೇದಕಗಳು ಎರಡಿದ್ದವು. ಆದರೆ ‘ಎಂಕ್ಯಾಸ್’ ಎಂಬ ಸ್ವಯಂಚಾಲಿತ ವ್ಯವಸ್ಥೆಯು ಒಂದು ಹಾರಾಟದಲ್ಲಿ ಒಂದರ ಮಾತನ್ನಷ್ಟೇ ನಂಬುತ್ತಿತ್ತು. ಅದು ಸುಳ್ಳು ಹೇಳಿದಾಗ ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ದೂಡಿತು. ಅಂಥದೊಂದು ವ್ಯವಸ್ಥೆ ಇದೆಯೆಂಬುದು ಮೊದಲ ದುರಂತದ ತನಕ ಪೈಲಟ್‌ಗಳ ಕೈಪಿಡಿಯಲ್ಲೇ ಇರಲಿಲ್ಲ. ಒಂದೇ ಸಾಕ್ಷಿಯನ್ನು ಪೂರ್ಣಸತ್ಯವೆಂದು ಹಿಡಿಯುವುದು ಏಕಾಂತ. ಅನೇಕಾಂತವು ಕೇವಲ ವಾದಶಾಸ್ತ್ರವಲ್ಲ, ಪ್ರಾಣರಕ್ಷಣೆಯ ಶಾಸ್ತ್ರವೂ ಹೌದು.

ಯಾಂತ್ರೀಕರಣದಿಂದ ವಿಮಾನಯಾನ ಹಿಂದಿಗಿಂತ ಸುರಕ್ಷಿತವಾಗಿದೆ ಎಂದು ಕೆಲವರು ವಾದಿಸುತ್ತಾರೆ. ಅದು ನಿಜ. ಆದರೆ ಸಾವಿರ ಬಾರಿ ಸರಿಯಾಗಿ ತೂಗಿದ ತಕ್ಕಡಿಯಾದರೂ, ಕೆಟ್ಟಿದೆಯೆಂಬ ಸುಳಿವು ಸಿಕ್ಕ ಮೇಲೆ ಅದರಲ್ಲೇ ಕಾಫಿ, ಮೆಣಸು ತೂಗುವ ವ್ಯಾಪಾರಿಯು ನಿರ್ದೋಷಿಯಾಗುತ್ತಾನೆಯೇ? ಅಳತೆ ತೂಕದ ಮೋಸವನ್ನು ಅಚೌರ್ಯಾಣುವ್ರತದ ಅತಿಚಾರವೆಂದು ನಮ್ಮ ಶಾಸ್ತ್ರಗಳು ಎಣಿಸಿವೆ. ಅಪರಾಧವನ್ನು ತಕ್ಕಡಿಯ ಮೇಲೆ ಹೊರಿಸಿಲ್ಲ. ಮೊದಲ ಮ್ಯಾಕ್ಸ್ ಬಿದ್ದ ಮೇಲೂ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅದೇ ಮಾದರಿಯನ್ನು ಹಾರಲು ಬಿಟ್ಟವರಿಗೆ ಯಾವ ಸಮಜಾಯಿಷಿ ಇದೆ?

ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಆ ಹೊಣೆಯು ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಲ್ಲಿ ಅಂಟುತ್ತದೆ. ರೂಪಿಸಿದವನು, ಅವಸರಪಡಿಸಿ ಮಾಡಿಸಿದವನು, ಕಣ್ಮುಚ್ಚಿ ಅನುಮತಿಯ ಮುದ್ರೆ ಒತ್ತಿದವನು, ಈ ಮೂವರೂ ಭಾಗಿಗಳೇ. 2021ರ ಜನವರಿಯಲ್ಲಿ ಬೋಯಿಂಗ್ ಸಂಸ್ಥೆಯು ಅಮೆರಿಕದ ನ್ಯಾಯ ಇಲಾಖೆಯೊಡನೆ 250 ಕೋಟಿ ಡಾಲರಿಗೂ ಮಿಕ್ಕ ಮೊತ್ತಕ್ಕೆ ಒಪ್ಪಂದ ಮಾಡಿಕೊಂಡಿತು. ದಂಡವು ಲೆಕ್ಕದ ಪುಸ್ತಕದಲ್ಲಿ ಒಂದು ಖರ್ಚಿನ ಬಾಬತ್ತು, ಪ್ರಾಯಶ್ಚಿತ್ತವಲ್ಲ. ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಆಲೋಚನೆ, ಅಂದರೆ ಮಾಡಿದ ತಪ್ಪನ್ನು ಮರೆಮಾಚದೆ ನುಡಿಯುವುದು. ಸಂಶಯ ಹುಟ್ಟಿದೊಡನೆ ವಿಮಾನವನ್ನು ನೆಲದಲ್ಲಿ ನಿಲ್ಲಿಸುವ ಧೈರ್ಯವಿಲ್ಲದವರಿಗೆ ಜೀವಗಳನ್ನು ಆಕಾಶಕ್ಕೇರಿಸುವ ಅಧಿಕಾರವೂ ಇಲ್ಲ.