ಟಾನಿಕ್ ಬಾಟಲಿಗೆ ಮೊದಲು ಮಕ್ಕಳ ಬೆಳಗ್ಗಿನ ತಿಂಡಿ ನೋಡಿ

ಪರೀಕ್ಷೆ ಹತ್ತಿರ ಬಂದರೆ ಸಾಕು, ನಮ್ಮ ಮನೆಗಳಲ್ಲಿ ಒಂದೇ ಮಾತು. ‘ಓದಿದ್ದು ಎಂತದೂ ನೆನಪು ನಿಲ್ಲುವುದಿಲ್ಲ, ಒಳ್ಳೆಯ ಟಾನಿಕ್ ಯಾವುದುಂಟು?’ ಮೆಡಿಕಲ್ ಶಾಪಿನಿಂದ ಒಂದು ಬಾಟಲಿ ಬರುತ್ತದೆ. ಗಲ್ಫಿನಿಂದ ಬಂದವರ ಬ್ಯಾಗಿನಲ್ಲಿ ವಿಟಮಿನ್ ಡಬ್ಬಿಯೂ ಬರುತ್ತದೆ.

ನಮ್ಮ ಕುಟುಂಬದಲ್ಲೇ ಹೀಗಾಯಿತು. ಎಂಟನೇ ತರಗತಿಯ ಹುಡುಗಿ. ಕಲಿತದ್ದು ಸಂಜೆಗೆ ಮರೆವು, ತರಗತಿಯಲ್ಲಿ ತೂಕಡಿಕೆ, ಯಾವಾಗಲೂ ಸುಸ್ತು. ‘ಉದಾಸೀನ’ ಎಂದು ಎಲ್ಲರೂ ಬೈದೆವು. ಮೂರು ಬಾಟಲಿ ಸಿರಪ್ ಕುಡಿಸಿದೆವು. ಕೊನೆಗೆ ವೈದ್ಯರು ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4. ಆ ವಯಸ್ಸಿಗೆ ಕನಿಷ್ಠ 12 ಇರಬೇಕು. ಅವಳಿಗೆ ಬೇಕಾಗಿದ್ದದ್ದು ಕಬ್ಬಿಣಾಂಶ. ನಾವು ಕೊಟ್ಟದ್ದು ಬೈಗುಳ.

ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದರೆ ಗಮನ ನಿಲ್ಲುವುದಿಲ್ಲ. ಗಮನವೇ ಇಲ್ಲದಿದ್ದರೆ ನೆನಪು ಎಲ್ಲಿಂದ ಬರಬೇಕು?

ಇನ್ನು ನಮ್ಮ ಮಕ್ಕಳ ಬೆಳಗ್ಗೆಯನ್ನು ನೋಡಿ. ಆರೂವರೆ, ಏಳಕ್ಕೆ ಮದ್ರಸ. ಹೋಗುವಾಗ ಒಂದು ಗ್ಲಾಸ್ ಚಾಯ, ಎರಡು ಬಿಸ್ಕತ್ತು. ಮದ್ರಸ ಬಿಟ್ಟ ಕೂಡಲೇ ಶಾಲೆಗೆ ಓಟ. ಉಮ್ಮ ಪತ್ತಿರ್ ಮಾಡಿಟ್ಟಿದ್ದರೂ ಕೂತು ತಿನ್ನಲು ಪುರುಸೊತ್ತಿಲ್ಲ. ದಾರಿಯ ಅಂಗಡಿಯ ಐದು ರೂಪಾಯಿ ಪ್ಯಾಕೆಟೇ ತಿಂಡಿ. ದೊಡ್ಡವರ ದೇಹದ ತೂಕದಲ್ಲಿ ಮೆದುಳಿನದ್ದು ಬರೀ ಶೇ. 2, ಆದರೆ ವಿಶ್ರಾಂತಿಯಲ್ಲಿರುವಾಗಲೂ ದೇಹದ ಶಕ್ತಿಯ ಸುಮಾರು ಶೇ. 20 ಅದಕ್ಕೇ ಖರ್ಚು. ಮಕ್ಕಳಲ್ಲಿ ಇನ್ನೂ ಹೆಚ್ಚು. ಚಾಯ ಬಿಸ್ಕತ್ತಿನಲ್ಲಿ ಅದು ಎಷ್ಟು ಹೊತ್ತು ಓಡೀತು? ಮೇಲಿಂದ, ತಿಂಡಿಯೊಟ್ಟಿಗೆ ಕುಡಿದ ಚಾಯ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನೂ ತಡೆಯುತ್ತದೆ.

ಮದ್ದು ನಮ್ಮ ಅಡುಗೆಮನೆಯಲ್ಲೇ ಉಂಟು. ಬೂತಾಯಿ, ಬಂಗುಡೆಯಲ್ಲಿ ಮೆದುಳಿಗೆ ಬೇಕಾದ ಒಮೆಗಾ-3 ಕೊಬ್ಬು, ವಿಟಮಿನ್ ಬಿ12 ಇವೆ. ಮುಳ್ಳು ಬಿಡಿಸಿ ಕೊಟ್ಟರೆ ಮಕ್ಕಳು ತಿನ್ನುತ್ತಾರೆ. ಮೊಟ್ಟೆಯಲ್ಲಿ ಬಿ12ರ ಜೊತೆ ಕೋಲಿನ್ ಇದೆ. ಹೆಸರುಕಾಳು, ಕಡಲೆ, ಹರಿವೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹಿಡಿಯಬೇಕಾದರೆ ಲಿಂಬೆ ಹಿಂಡಿ, ಇಲ್ಲವೇ ಒಂದು ಪೇರಳೆ ಕೊಡಿ. ಉಪ್ಪು ಅಯೋಡಿನ್ ಇರುವುದೇ ಆಗಲಿ. ಕೊರತೆ ಇಲ್ಲದ ಮಗುವಿಗೆ ವಿಟಮಿನ್ ಗುಳಿಗೆ ನುಂಗಿಸಿದರೆ ನೆನಪು ಹೆಚ್ಚುವುದಿಲ್ಲ. ಎ ಮತ್ತು ಡಿ ಅತಿಯಾದರೆ ತೊಂದರೆಯೇ.

ಶಾಲೆಯಲ್ಲಿ ಸರಕಾರ ಪುಕ್ಕಟೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ‘ತಿನ್ನಬೇಡ, ಬಿಸಾಡು’ ಎಂದು ನಾವೇ ಹೇಳುತ್ತೇವೆ. ಮಲ ಕಪ್ಪಾದರೆ ಹೆದರುತ್ತೇವೆ. ಅದು ಮಾತ್ರೆಯ ಬಣ್ಣ, ರೋಗವಲ್ಲ. ಊಟದ ನಂತರ ತಿಂದರೆ ಹೊಟ್ಟೆ ತೊಳಸುವುದೂ ಕಡಿಮೆ. ಜಂತುಹುಳು ರಕ್ತ ಹೀರುತ್ತಿದ್ದರೆ ಎಷ್ಟು ತಿನ್ನಿಸಿದರೂ ಲಾಭವಿಲ್ಲ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದ ಮಾತ್ರೆಯನ್ನೂ ತಪ್ಪಿಸಬೇಡಿ.

ಜಮಾಅತ್ ಕಮಿಟಿಯವರಲ್ಲಿ ಒಂದು ವಿನಂತಿ. ಮದುವೆ, ಸಮಾರಂಭಗಳಲ್ಲಿ ಸಾವಿರ ಜನರಿಗೆ ಬಿರಿಯಾನಿ ಬಡಿಸುವ ಶಕ್ತಿ ನಮ್ಮ ಊರುಗಳಿಗಿದೆ. ಮದ್ರಸ ಮಕ್ಕಳಿಗೆ ದಿನಕ್ಕೊಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆ ಕೊಡಲು ಆಗದೇ? ಹತ್ತು ನಿಮಿಷದ ಬಿಡುವು ಸಾಕು. ಉಸ್ತಾದರಿಗೂ ಪಾಠ ಸುಲಭವಾದೀತು.

ಹೆತ್ತವರಲ್ಲಿ ಒಂದೇ ಮಾತು. ಮಗು ಮರೆಯುತ್ತಿದ್ದರೆ ಬೈಯುವ ಮೊದಲು ರಕ್ತಪರೀಕ್ಷೆ ಮಾಡಿಸಿ. ನಮ್ಮ ಹುಡುಗಿ ವೈದ್ಯರು ಹೇಳಿದ ಮಾತ್ರೆ ತಿಂದು, ತಿಂಡಿ ಬಿಡದೆ, ಕೆಲವು ತಿಂಗಳಲ್ಲಿ ಚುರುಕಾದಳು. ಮೂರು ಬಾಟಲಿಗೆ ಕೊಟ್ಟ ದುಡ್ಡಿನಲ್ಲಿ ಎಷ್ಟು ಮೊಟ್ಟೆ ಬರುತ್ತಿತ್ತು ಎಂದು ಈಗ ಲೆಕ್ಕ ಹಾಕುತ್ತಿದ್ದೇವೆ.