ಕೊನೆಯ ದಿನಗಳಿಗೂ ಒಂದು ನೀತಿ ಬೇಕು

ಮೂರು ವರ್ಷಗಳ ಹಿಂದೆ ನನ್ನ ಅಣ್ಣ ತಮ್ಮ ಕೊನೆಯ ಹತ್ತೊಂಬತ್ತು ದಿನಗಳನ್ನು ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಕಳೆದರು. ಕ್ಯಾನ್ಸರ್ ಗುಣವಾಗದೆಂಬುದು ವೈದ್ಯರಿಗೂ ನಮಗೂ ತಿಳಿದಿತ್ತು. ಆದರೂ ‘ಪ್ರಯತ್ನ ಮಾಡಲಿಲ್ಲ’ ಎಂಬ ಮಾತು ಬಾರದಿರಲೆಂದು ಕೊಟ್ಟ ಕಾಗದಗಳಿಗೆಲ್ಲ ಸಹಿ ಹಾಕುತ್ತ ಹೋದೆವು. ‘ಮನೆಗೆ ಕರೆದುಕೊಂಡು ಹೋಗು’ ಎಂದು ಅವರು ಎರಡು ಬಾರಿ ಕೇಳಿದ್ದರು. ಮನೆಯಲ್ಲಿ ಆ ನೋವನ್ನು ನಿಭಾಯಿಸುವ ಬಗೆಯನ್ನು ನಮಗೆ ಹೇಳಿಕೊಡುವವರಿರಲಿಲ್ಲ.

ಹಾಗೆ ಹೇಳಿಕೊಡುವ ವ್ಯವಸ್ಥೆಯೇ ಉಪಶಮನ ಆರೈಕೆ. ಅಂತ್ಯಕಾಲಕ್ಕೆ ಮೀಸಲಾದ ಅದರ ರೂಪವೇ ಹಾಸ್ಪೈಸ್. 1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಆರಂಭಿಸಿದಾಗ, ದೇಹದ ನೋವಿನೊಂದಿಗೆ ಮನಸ್ಸಿನ ಹಾಗೂ ಕುಟುಂಬದ ನೋವೂ ವೈದ್ಯಕೀಯದ ಹೊಣೆಯೆಂಬ ವಿಚಾರ ನೆಲೆಗೊಂಡಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳಿಗೆ ಇಂಥ ಆರೈಕೆಯನ್ನು ಉಚಿತವಾಗಿ ನೀಡುತ್ತಿದೆ. ಇದು ರೋಗಿಯನ್ನು ಕೈಬಿಡುವುದೂ ಅಲ್ಲ, ದಯಾಮರಣವೂ ಅಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಜಗತ್ತಿನಲ್ಲಿ ಅಗತ್ಯವಿರುವವರ ಪೈಕಿ ಸುಮಾರು ಶೇ 14ರಷ್ಟು ಮಂದಿಗೆ ಮಾತ್ರ ಉಪಶಮನ ಆರೈಕೆ ದೊರೆಯುತ್ತಿದೆ.

ಈ ಕೊರತೆಯಲ್ಲಿ ಆಡಳಿತದ ಪಾಲೂ ಇದೆ. 1985ರ ಮಾದಕವಸ್ತು ಕಾಯ್ದೆಯ ಬಳಿಕ ಮಾರ್ಫಿನ್‌ಗಾಗಿ ಆಸ್ಪತ್ರೆಗಳು ಹಲವು ಅನುಮತಿಗಳ ಹಿಂದೆ ಅಲೆಯಬೇಕಾಯಿತು. ನಾನು ಜಿಲ್ಲೆಯೊಂದರಲ್ಲಿದ್ದಾಗ ಅಂಥದೊಂದು ಕಡತ ನನ್ನ ಮೇಜಿಗೂ ಬಂದಿತ್ತು. ದುರ್ಬಳಕೆಯ ಸಾಧ್ಯತೆಯನ್ನು ಉಲ್ಲೇಖಿಸಿ, ಸ್ಪಷ್ಟೀಕರಣ ಕೋರಿ ಹಿಂದಿರುಗಿಸಿದೆ. ನಿಯಮದ ದೃಷ್ಟಿಯಿಂದ ಆ ಟಿಪ್ಪಣಿಯಲ್ಲಿ ತಪ್ಪಿರಲಿಲ್ಲ. ಅದರ ಹಿಂದೆ ಯಾರೋ ನರಳುತ್ತಿದ್ದರೆಂಬುದು ನನಗೆ ಹೊಳೆದದ್ದು ಅಣ್ಣನ ಹಾಸಿಗೆಯ ಪಕ್ಕದಲ್ಲಿ.

2014ರ ತಿದ್ದುಪಡಿ ಈ ಪದ್ಧತಿಯನ್ನು ಸರಳಗೊಳಿಸಿತು. ಆದರೆ ಕಾನೂನು ಸಡಿಲಗೊಂಡ ಮಾತ್ರಕ್ಕೆ ಔಷಧ ಹಳ್ಳಿ ತಲುಪುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವ ಕಾರಣ ಸರಳವಾದುದು: ಹಣ ಎಲ್ಲಿ ಹರಿಯುತ್ತದೆಯೋ ಆರೈಕೆಯೂ ಅಲ್ಲಿಗೇ ಹೋಗುತ್ತದೆ. ನಮ್ಮ ಆರೋಗ್ಯ ವಿಮೆಯ ರಚನೆ ಬಹುಮಟ್ಟಿಗೆ ಆಸ್ಪತ್ರೆ ದಾಖಲಾತಿಯ ಸುತ್ತಲೇ ಇದೆ. ಮನೆಗೆ ಬಂದು ಗಾಯ ತೊಳೆದು, ಔಷಧದ ಪ್ರಮಾಣ ಹೊಂದಿಸುವ ದಾದಿಗೆ ಅದರಲ್ಲಿ ಸ್ಥಾನ ಕಡಿಮೆ. 2008ರಲ್ಲಿ ಪ್ರತ್ಯೇಕ ನೀತಿ ರೂಪಿಸಿದ ಕೇರಳ, ಸ್ಥಳೀಯ ಸಂಸ್ಥೆಗಳು ಮತ್ತು ಸ್ವಯಂಸೇವಕರ ನೆರವಿನಿಂದ ಮನೆಬಾಗಿಲಿಗೇ ಈ ಸೇವೆ ಒಯ್ದಿತು. ಅಲ್ಲಿ ಆದದ್ದು ಇಲ್ಲಿ ಆಗದಿರಲು ಕಾರಣವಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಹಾಗೂ ಅದನ್ನು ನೀಡಬಲ್ಲ ತರಬೇತಾದ ವೈದ್ಯ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ದಾದಿಯ ಮನೆ ಭೇಟಿ, ಮನೆ ಆರೈಕೆಗೂ ವಿಮೆ: ಈ ಮೂರರಿಂದ ಆರಂಭಿಸಬಹುದು.

ಚಿಕಿತ್ಸೆಯ ಮಿತಿಯನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸುಲಭಗೊಳಿಸಿತು. ಕರ್ನಾಟಕ ಸರ್ಕಾರ ಇದರ ಜಾರಿಗೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಆದರೆ ಯಂತ್ರ ಬೇಡವೆಂದವನಿಗೆ ನೋವುಶಮನದ ಭರವಸೆಯೂ ಇಲ್ಲದಿದ್ದರೆ ಆ ಹಕ್ಕು ಅರ್ಧವೇ.

ಎಷ್ಟೋ ಜನರ ದಾಖಲೆಗಳನ್ನು ದೃಢೀಕರಿಸಿದ ನಾನು, ಕಳೆದ ತಿಂಗಳು ನನ್ನ ಉಯಿಲಿನೊಂದಿಗೆ ಗೆಜೆಟೆಡ್ ಅಧಿಕಾರಿಯೊಬ್ಬರ ಎದುರು ಕುಳಿತೆ. ಸಾಕ್ಷಿ ಹಾಕಲು ಮಗ ಮೊದಲು ಹಿಂಜರಿದ. ಅವನ ದೊಡ್ಡಪ್ಪ ಎರಡು ಬಾರಿ ಕೇಳಿದ್ದನ್ನು ನೆನಪಿಸಿದೆ. ಆಗ ಸಹಿ ಮಾಡಿದ.