ಏಡಿಕಾಯಿ ಕಥೆ ಇನ್ನು ಸಾಕು



ಕನ್ನಡ ರಾಜ್ಯೋತ್ಸವ ಬರಲಿ, ಬೀಳ್ಕೊಡುಗೆ ಸಮಾರಂಭ ಬರಲಿ, ಭಾಷಣ ಮಾಡೋರಲ್ಲಿ ಒಬ್ಬರಾದರೂ ಈ ಕಥೆ ಹೇಳಿಯೇ ಹೇಳುತ್ತಾರೆ. ಬುಟ್ಟಿಯಲ್ಲಿ ಏಡಿಕಾಯಿ ತುಂಬಿದರೆ ಮುಚ್ಚಳವೇ ಬೇಡವಂತೆ. ಒಂದು ಮೇಲೆ ಹತ್ತಿದರೆ ಇನ್ನೊಂದು ಕಾಲು ಹಿಡಿದು ಎಳೆಯುತ್ತದಂತೆ. "ನಮ್ಮ ಜನವೂ ಹಾಗೇ" ಅಂತ ಮುಗಿಸುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ನನ್ನ ಅಭಿಪ್ರಾಯದಲ್ಲಿ ಈ ಕಥೆ ಏಡಿಗೂ ಅನ್ಯಾಯ, ನಮ್ಮೂರಿಗೂ ಅನ್ಯಾಯ.

ಏಡಿ ತಾನಾಗಿ ಬುಟ್ಟಿಗೆ ಬಂದದ್ದಲ್ಲ. ಹಿಡಿದು ಹಾಕಿದವರು ನಾವು. ಜಾರುವ ಕಡೆ ಸಿಕ್ಕಿದ್ದನ್ನು ಹಿಡಿದುಕೊಳ್ಳದೆ ಅದು ಇನ್ನೇನು ಮಾಡಬೇಕು? ಬಾವಿಗೆ ಬಿದ್ದವನು ಪಕ್ಕದವನನ್ನು ತಬ್ಬಿದರೆ ಅದಕ್ಕೆ ಹೊಟ್ಟೆಕಿಚ್ಚು ಅಂತೀವಾ? ನಮ್ಮ ಹೊಸದುರ್ಗದ ಕಡೆ ಹಳ್ಳ, ಕೆರೆ ಅಂಚಿನಲ್ಲಿ ಸಿಗೋ ಏಡಿಯನ್ನೇ ನೋಡಿ. ತಾಯಿ ಏಡಿ ಮೊಟ್ಟೆಯಷ್ಟೇ ಅಲ್ಲ, ಮರಿಗಳನ್ನೂ ಕೆಲವು ದಿನ ಹೊಟ್ಟೆಯ ಅಡಿಯಲ್ಲಿ ಇಟ್ಟುಕೊಂಡೇ ತಿರುಗುತ್ತದೆ. ಹಿಡಿದು ಮಗುಚಿ ನೋಡಿದವರಿಗೆ ಇದು ಗೊತ್ತು, ಭಾಷಣದವರಿಗೆ ಗೊತ್ತಿಲ್ಲ.

ಇನ್ನು ನೆರೆಹೊರೆಯ ಮಾತು. ಇದಕ್ಕೆ ಸಮುದ್ರದ ಕಡೆಯ ಒಂದು ಪುಟ್ಟ ಏಡಿಯ ವಿಷಯ ಹೇಳಲೇಬೇಕು. ಅದರ ಹೆಸರು ಪಿಟೀಲು ಏಡಿ. ನಮ್ಮ ಕರಾವಳಿಯಲ್ಲೂ ನದಿ ಸಮುದ್ರ ಸೇರುವ ಕೆಸರು ದಂಡೆಗಳಲ್ಲಿ ಇದೆ. ಮೈ ಅಗಲ ಸುಮಾರು ಎರಡು ಸೆಂಟಿಮೀಟರು, ಅಷ್ಟೇ. ಹೆಣ್ಣಿಗೆ ಎರಡೂ ಕೊಂಡಿ ಸಣ್ಣವು. ಗಂಡಿಗೆ ಮಾತ್ರ ಒಂದು ಕೊಂಡಿ ಭಾರೀ ದೊಡ್ಡದು, ಇನ್ನೊಂದು ಪುಟಾಣಿ. ಪುಟಾಣಿ ಕೊಂಡಿಯಿಂದ ಕೆಸರು ಎತ್ತಿ ಎತ್ತಿ ಬಾಯಿಗೆ ಹಾಕಿಕೊಳ್ಳುವಾಗ ಪಿಟೀಲು ನುಡಿಸಿದ ಹಾಗೇ ಕಾಣುತ್ತೆ. ದೊಡ್ಡದನ್ನು ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಒಂದೊಂದು ಗಂಡಿಗೂ ಸ್ವಂತ ಬಿಲ, ಸುತ್ತ ಒಂದಿಷ್ಟು ಜಾಗ.

ಉತ್ತರ ಆಸ್ಟ್ರೇಲಿಯಾದಲ್ಲಿ ಈ ಬಳಗದ ಒಂದು ಸಣ್ಣ ಜಾತಿಯನ್ನು ನೋಡಿದ ವಿಜ್ಞಾನಿಗಳಾದ ಪೆಟ್ರಿಷಿಯಾ ಬ್ಯಾಕ್‌ವೆಲ್ ಮತ್ತು ಮೈಕೆಲ್ ಜೆನ್ನಿಯನ್ಸ್ 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬಿಲ ಇಲ್ಲದ ಗಂಡು ಬಂದು ಸಣ್ಣ ಏಡಿಯ ಬಿಲ ಕಿತ್ತುಕೊಳ್ಳಲು ನೋಡಿದರೆ, ಪಕ್ಕದ ದೊಡ್ಡ ಏಡಿ ಒಮ್ಮೊಮ್ಮೆ ತನ್ನ ಬಿಲ ಬಿಟ್ಟು ಬಂದು ಅವನ ಜೊತೆ ಗುದ್ದಾಡುತ್ತದೆ! ಕಾರಣ, ಹಳೇ ನೆರೆಯವನ ಜೊತೆ ಗಡಿ ಇತ್ಯರ್ಥವಾಗಿರುತ್ತೆ. ಹೊಸಬ, ಅದೂ ಬಲಶಾಲಿ ಬಂದರೆ ಮತ್ತೆ ಮೊದಲಿಂದ ಜಗಳ. ಹೊಲದ ಬದುವಿನ ಜಗಳ ಕಂಡ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ.

ಇದರಲ್ಲಿ ಸ್ವಾರ್ಥವಿದೆಯಲ್ಲ ಅನ್ನಬಹುದು. ಇರಲಿ. ಮೋಟಾರ್ ಸುಟ್ಟಾಗ ಪಕ್ಕದ ಹೊಲದವರು ನಾಲ್ಕು ದಿನ ನೀರು ಬಿಡುತ್ತಾರೆ, ಅಲ್ಲೂ ನಾಳೆಯ ಲೆಕ್ಕ ಇದ್ದೇ ಇರುತ್ತೆ. ಅದನ್ನ ಕಾಲೆಳೆಯೋದು ಅಂತ ಯಾರೂ ಅನ್ನಲ್ಲ.

ಪಿ.ಯು.ಸಿ. ಓದಲು ಚಿತ್ರದುರ್ಗಕ್ಕೆ ಹೊರಟ ಹುಡುಗಿಗೆ ಬುಟ್ಟಿ ಕಥೆ ಹೇಳಿದರೆ, ಊರವರನ್ನ ನಂಬಬೇಡ ಅಂತಲೇ ಹೇಳಿದ ಹಾಗಾಯ್ತು. ಅವಳ ಫೀಸಿಗೆ ಕೈಗಡ ಕೊಡೋರೂ ಅದೇ ಊರವರು ತಾನೇ?

ಈ ಸಲ ರಾಜ್ಯೋತ್ಸವದ ಭಾಷಣಕ್ಕೆ ಹೆಸರು ಕೊಟ್ಟಿರೋರು ದಯವಿಟ್ಟು ಬೇರೆ ಕಥೆ ಹುಡುಕಿಕೊಳ್ಳಿ. ಪಿಟೀಲು ಏಡಿಯ ವಿಷಯ ಬರೆದಿಟ್ಟ ಹಾಳೆ ನನ್ನ ಹತ್ತಿರ ಇದೆ. ಕಾಪಿ ಮಾಡಿಕೊಂಡು ವಾಪಸ್ ಕೊಡಿ.

— ಹತ್ತನೇ ತರಗತಿಯ ವಿದ್ಯಾರ್ಥಿನಿ